ಹಾಡಿ ಬಿಟ್ಟು ಲೈನ್‌ಮನೆಗೆ ಹೋದವರ ಆರೈಕೆಯನ್ನು ಮುಂದುವರಿಸುವುದು ಹೇಗೆ?

ಪ್ರಶ್ನೆ: ಕಬಿನಿ ಕಡೆಯ ಸಿಎಚ್‌ಒ

ಹಿರಿಯರಿಗೆ ನಮಸ್ಕಾರ. ಹೆಗ್ಗಡದೇವನಕೋಟೆ ಕಡೆಯ ಒಂದು ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬಂದು ನನಗೆ ಹದಿನಾಲ್ಕು ತಿಂಗಳಾಯಿತು. ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶಗಳಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬ ಲೆಕ್ಕವಿದೆ. ಆ ಲೆಕ್ಕದಲ್ಲಿ ನಮ್ಮದು ದೊಡ್ಡ ವ್ಯಾಪ್ತಿಯೇನಲ್ಲ. ಆದರೆ ಊರುಗಳ ಜೊತೆಗೆ ಕಾಡಂಚಿನ ಐದು ಹಾಡಿಗಳು, ಎಂದರೆ ಬುಡಕಟ್ಟಿನವರ ವಸತಿಗಳು, ಸೇರಿವೆ, ಅಲ್ಲಿ ಜೇನುಕುರುಬರು ಮತ್ತು ಬೆಟ್ಟಕುರುಬರ ಮನೆಗಳೇ ಹೆಚ್ಚು.

ನನ್ನ ತೊಂದರೆ ಇಷ್ಟು. ನವೆಂಬರ್ ಮುಗಿಯುತ್ತಿದ್ದಂತೆ ಹಾಡಿಯ ಅರ್ಧಕ್ಕಿಂತ ಹೆಚ್ಚು ಜನ ಕಾಫಿ ಹಣ್ಣು ಕೊಯ್ಯಲು ಕೊಡಗಿಗೆ ಹೊರಡುತ್ತಾರೆ. ಕೆಲವರು ಬೆಳಿಗ್ಗೆ ಜೀಪಿನಲ್ಲಿ ಹೋಗಿ ಸಂಜೆ ಮರಳುತ್ತಾರೆ, ಇನ್ನು ಕೆಲವರು ಮಕ್ಕಳುಮರಿ ಸಮೇತ ತೋಟದ ಲೈನ್‌ಮನೆಗಳಲ್ಲೇ, ಎಂದರೆ ಕೂಲಿಯವರ ಸಾಲು ಕೋಣೆಗಳಲ್ಲೇ, ಮಾರ್ಚ್‌ವರೆಗೆ ಉಳಿಯುತ್ತಾರೆ. ನಾನು ಹತ್ತು ಗಂಟೆಗೆ ಹಾಡಿಗೆ ಹೋದರೆ ಬಾಗಿಲಿಗೆ ಅಡ್ಡಲಾಗಿ ಬಿದಿರ ತಟ್ಟಿ, ಒಳಗೆ ನಾಯಿ, ಹೊರಗೆ ಒಬ್ಬರೋ ಇಬ್ಬರೋ ಮುದುಕರು. ರಿಜಿಸ್ಟರಿನಲ್ಲಿ ‘ಮನೆ ಬೀಗ’ ಎಂದು ಬರೆದು ಬರುವುದು ನನಗೇ ನಾಚಿಕೆಯಾಗುವಷ್ಟು ಸಲ ಆಗಿದೆ.

ಎರಡು ಪ್ರಸಂಗಗಳನ್ನು ಹೇಳುತ್ತೇನೆ. ಐದು ತಿಂಗಳ ಗರ್ಭಿಣಿಯೊಬ್ಬರ ಹಿಮೋಗ್ಲೋಬಿನ್ 8.2ಕ್ಕೆ ಇಳಿದಿತ್ತು. ದಿನಕ್ಕೆರಡು ಕಬ್ಬಿಣಾಂಶದ ಮಾತ್ರೆ ಕೊಟ್ಟು, ಒಂದು ತಿಂಗಳ ನಂತರ ಮತ್ತೆ ರಕ್ತ ನೋಡೋಣ ಎಂದಿದ್ದೆ. ಅಷ್ಟರಲ್ಲಿ ಅವರು ಗಂಡನೊಂದಿಗೆ ಯಾವುದೋ ತೋಟಕ್ಕೆ ಹೋಗಿಬಿಟ್ಟರು. ಯಾವ ತೋಟ ಎಂದು ಹಾಡಿಯಲ್ಲಿ ಯಾರೂ ಖಚಿತವಾಗಿ ಹೇಳಲಿಲ್ಲ. ಇನ್ನೊಂದು ಮನೆಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿರುವ ಅಜ್ಜ ಇದ್ದಾರೆ. ಮನೆಯವರೆಲ್ಲ ಕೂಲಿಗೆ ಹೋದಾಗ ನೋಡಿಕೊಳ್ಳುವವಳು ಹನ್ನೊಂದು ವರ್ಷದ ಮೊಮ್ಮಗಳು. ಅಜ್ಜನ ಸೊಂಟದ ಹಿಂಭಾಗದಲ್ಲಿ ಹುಣ್ಣಾಗಲು ಶುರುವಾಗಿದೆ. ಇಂಥವರನ್ನು ಕೈಬಿಡದೆ ನೋಡಿಕೊಳ್ಳಲು ನೀವು ಏನು ಮಾಡುತ್ತೀರಿ, ಅಥವಾ ನಿಮ್ಮ ಕಾಲದಲ್ಲಿ ಏನು ಮಾಡುತ್ತಿದ್ದಿರಿ? ಮೇಲಧಿಕಾರಿಗಳಿಗೆ ಬರೆಯಿರಿ ಎಂಬ ಉತ್ತರ ನನಗೆ ಗೊತ್ತಿದೆ, ಬರೆದಿದ್ದೇನೆ ಕೂಡ. ನಾನೇ ನಾಳೆ ಬೆಳಿಗ್ಗೆ ಮಾಡಬಹುದಾದದ್ದು ಬೇಕು.

ಉತ್ತರ 1: ನಿವೃತ್ತ ಸಿಸ್ಟರ್

ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಮೂವತ್ತೆರಡು ವರ್ಷ ಹುಣಸೂರು ಮತ್ತು ಕೋಟೆ ಸೀಮೆಯಲ್ಲೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈಗ ಆ ಹುದ್ದೆಯನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಕರೆಯುತ್ತಾರಂತೆ. ಹಾಡಿಯವರಿಗೆ ನಾನು ಕೊನೆಯವರೆಗೂ ‘ಸೂಜಿ ಅಮ್ಮ’ನೇ ಆಗಿದ್ದೆ.

ಮೊದಲು ನಿಮ್ಮ ಗಡಿಯಾರವನ್ನು ಬದಲಿಸಿಕೊಳ್ಳಿ. ಹತ್ತು ಗಂಟೆಗೆ ಹಾಡಿಯಲ್ಲಿ ಜನ ಇರುವುದಿಲ್ಲ ಎಂದರೆ, ಅದು ಹಾಡಿಯವರ ತಪ್ಪಲ್ಲ, ಹತ್ತು ಗಂಟೆಯ ತಪ್ಪು. ಜೀಪು ಬರುವುದು ಏಳರ ಆಸುಪಾಸಿಗೆ. ಆರೂವರೆಗೆ ನೀವು ಜೀಪು ನಿಲ್ಲುವ ಜಾಗದಲ್ಲಿ ನಿಂತರೆ ಒಂದೇ ಕಡೆ ಮೂವತ್ತು ಜನ ಸಿಗುತ್ತಾರೆ. ನಾನು ಬಿ.ಪಿ. ನೋಡಿದ್ದು, ಮಾತ್ರೆ ಕೊಟ್ಟದ್ದು, ಕ್ಷಯ ಪರೀಕ್ಷೆಗೆ ಕಫದ ಡಬ್ಬಿ ಹಂಚಿದ್ದು ಹೆಚ್ಚಿನ ಪಾಲು ಅಲ್ಲೇ. ಸಂಜೆ ಹೋಗುತ್ತೇನೆ ಎಂದುಕೊಳ್ಳಬೇಡಿ. ಕತ್ತಲಾದ ಮೇಲೆ ಆ ದಾರಿಗಳಲ್ಲಿ ಆನೆ ಇರುತ್ತದೆ, ಶೌರ್ಯ ತೋರಿಸುವ ಜಾಗ ಅದಲ್ಲ. ಬಟವಾಡೆಯ ಮರುದಿನ, ಸಂತೆಯ ದಿನ ಮತ್ತು ಪಡಿತರ ಕೊಡುವ ದಿನ ಜನ ಹಾಡಿಯಲ್ಲೇ ಇರುತ್ತಾರೆ. ಅವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಸಾಧ್ಯವಾದರೆ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನವನ್ನೂ ಅಂಥದ್ದೊಂದು ದಿನಕ್ಕೆ ಹೊಂದಿಸಿಕೊಳ್ಳಿ.

ಎರಡನೆಯದು, ಸರ್ಕಾರಿ ರಿಜಿಸ್ಟರಿನ ಜೊತೆಗೆ ನಿಮ್ಮದೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಮೂರು ಕಲಂಗಳಿದ್ದವು: ಕರೆದುಕೊಂಡು ಹೋಗುವ ಮೇಸ್ತ್ರಿ ಯಾರು, ತೋಟ ಎಲ್ಲಿ, ಹಾಡಿಯಲ್ಲಿ ಉಳಿಯುವವರು ಯಾರು. ತೋಟದ ಹೆಸರು ಹಾಡಿಯವರಿಗೆ ಗೊತ್ತಿರಬೇಕೆಂದಿಲ್ಲ, ಮೇಸ್ತ್ರಿಗೆ ಗೊತ್ತಿದ್ದೇ ಇರುತ್ತದೆ. ಮುಂಗಡ ಕೊಟ್ಟವನು ಅವನು, ಜನ ಎಲ್ಲಿದ್ದಾರೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೇಸ್ತ್ರಿಯೊಂದಿಗೆ ಜಗಳವಾಡಬೇಕೆಂದು ಎಷ್ಟೋ ಸಲ ಅನ್ನಿಸಿದ್ದುಂಟು, ಆದರೆ ಅವನ ಫೋನ್ ನಂಬರು ನನ್ನ ಬಳಿ ಇರುವುದೇ ಹೆಚ್ಚು ಉಪಯೋಗವೆಂದು ತಿಳಿದ ಮೇಲೆ ಸುಮ್ಮನಾದೆ.

ಹೊರಡುವ ಗರ್ಭಿಣಿಗೆ ಬೇಡ ಎನ್ನಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬ ಏಳು ತಿಂಗಳ ಗರ್ಭಿಣಿಯನ್ನು ಎಲ್ಲರೆದುರು ಗದರಿದ್ದೆ. ಆಕೆ ಆಮೇಲೆ ನನ್ನ ಸೈಕಲ್ ಕಂಡರೆ ಕಾಡಿನ ಕಡೆ ಹೋಗುತ್ತಿದ್ದಳು. ಹೆರಿಗೆ ಹಾಡಿಯಲ್ಲೇ ಆಯಿತು, ನನಗೆ ಸುದ್ದಿ ತಿಳಿದದ್ದು ನಾಲ್ಕನೇ ದಿನ. ತಾಯಿಯೂ ಮಗುವೂ ಉಳಿದರು, ಆದರೆ ಅದರಲ್ಲಿ ನನ್ನ ಪಾಲೇನೂ ಇರಲಿಲ್ಲ. ಈಗಿನವರಿಗೆ ನಾನು ಹೇಳುವುದು: ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ನಿಮ್ಮ ನಂಬರು ಬರೆದು, ಸೀಸನ್ ಮುಗಿಯುವವರೆಗೆ ಸಾಕಾಗುವಷ್ಟು ಮಾತ್ರೆಯನ್ನೂ ಕೊಟ್ಟು ಕಳುಹಿಸಿ.

ಉತ್ತರ 2: ಲೈನ್‌ಮನೆ ಭಾಗದ ಸುರಕ್ಷಾಧಿಕಾರಿ, ಕೊಡಗು

ನೀವು ಕಳುಹಿಸುವವರು ಬಂದು ತಲುಪುವುದು ನಮ್ಮಲ್ಲಿಗೆ, ಆದ್ದರಿಂದ ಈ ಬದಿಯ ಕಥೆಯನ್ನೂ ಹೇಳಬೇಕು. ವಿರಾಜಪೇಟೆ, ಪೊನ್ನಂಪೇಟೆ ತಾಲ್ಲೂಕುಗಳಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಜನಸಂಖ್ಯೆ ಎಷ್ಟೆಂದು ನಮಗೇ ತಿಳಿಯದು. ಅರೇಬಿಕಾ ಮುಗಿಯುತ್ತಿದ್ದಂತೆ ರೋಬಸ್ಟಾ, ಅದರ ಹಿಂದೆಯೇ ಕರಿಮೆಣಸು. ನಿಮ್ಮ ಕಡೆಯ ಹಾಡಿಯವರ ಜೊತೆಗೆ ಇಲ್ಲಿಯವರೇ ಆದ ಯರವರು, ಈಚಿನ ವರ್ಷಗಳಲ್ಲಿ ಅಸ್ಸಾಮಿನವರು, ಎಲ್ಲರೂ ಒಂದೇ ಸಾಲಿನ ಕೋಣೆಗಳಲ್ಲಿರುತ್ತಾರೆ. ಒಂದು ಕೋಣೆಯೆಂದರೆ ಹೊಗೆ ಹೋಗಲು ಸರಿಯಾದ ದಾರಿಯಿಲ್ಲದ ಒಲೆ, ಒಂದು ಕಿಟಕಿ, ಆರೇಳು ಜನ. ಅಂಥ ಕೋಣೆಯಲ್ಲಿ ಒಬ್ಬರಿಗೆ ಎರಡು ವಾರ ಮೀರಿದ ಕೆಮ್ಮಿದ್ದರೆ ಉಳಿದವರ ಗತಿಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಬೇಕಾದದ್ದು ಸಣ್ಣ ವಿಷಯ: ಬಂದಿರುವವರು ಯಾರೆಂಬ ಸುಳಿವು. ತಾಯಿ ಕಾರ್ಡಿನಲ್ಲಿರುವ ಆರ್‌ಸಿಎಚ್ ಸಂಖ್ಯೆ, ಎಂದರೆ ಗರ್ಭಿಣಿಯ ನೋಂದಣಿ ಸಂಖ್ಯೆ, ಸಿಕ್ಕರೆ ಹಿಂದಿನ ತಪಾಸಣೆಗಳೆಲ್ಲ ನಮಗೆ ಕಾಣುತ್ತವೆ. ಅದಿಲ್ಲದೆ ಬಂದವರನ್ನು ನಾವು ಹೊಸ ಗರ್ಭಿಣಿಯೆಂದು ಮತ್ತೊಮ್ಮೆ ನೋಂದಾಯಿಸುತ್ತೇವೆ, ಆಗ ನಿಮ್ಮಲ್ಲಿ ಆಕೆ ‘ತಪಾಸಣೆಗೆ ಬಾರದವಳು’, ನಮ್ಮಲ್ಲಿ ‘ತಡವಾಗಿ ನೋಂದಣಿಯಾದವಳು’. ಕ್ಷಯದ ಔಷಧಿ ತೆಗೆದುಕೊಳ್ಳುತ್ತಿರುವವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಆರು ತಿಂಗಳ ಚಿಕಿತ್ಸೆಯಲ್ಲಿ ಎರಡನೇ ತಿಂಗಳಿಗೆ ಜ್ವರ ನಿಂತು ಹಸಿವು ಮರಳಿರುತ್ತದೆ, ಆಗಲೇ ಕೊಯ್ಲೂ ಶುರುವಾಗುತ್ತದೆ, ಮಾತ್ರೆ ಹಾಡಿಯ ಗೂಡಿನಲ್ಲೇ ಉಳಿದುಬಿಡುತ್ತದೆ. ಕ್ಷಯ ರೋಗಿಗಳ ಸರ್ಕಾರಿ ನೋಂದಣಿಯ ನಿಕ್ಷಯ್ ಸಂಖ್ಯೆ ಇದ್ದರೆ ರೋಗಿಯನ್ನು ನಮ್ಮ ಕೇಂದ್ರಕ್ಕೆ ವರ್ಗಾಯಿಸಬಹುದು, ಔಷಧಿ ಇಲ್ಲೇ ಸಿಗುತ್ತದೆ, ಪೌಷ್ಟಿಕ ಆಹಾರಕ್ಕೆಂದು ಬರುವ ಹಣವೂ ನಿಲ್ಲುವುದಿಲ್ಲ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಕೂಲಿ ಬಿಟ್ಟು ಔಷಧಿ ನುಂಗಬೇಕಾದವರಿಗೆ ಅದು ಸಣ್ಣ ಮೊತ್ತವಲ್ಲ.

ತೋಟದೊಳಗೆ ಹೋಗಲು ಮಾಲೀಕರಿಗಿಂತ ರೈಟರ್, ಎಂದರೆ ತೋಟದ ಲೆಕ್ಕ ನೋಡಿಕೊಳ್ಳುವವರು, ಮುಖ್ಯ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದೊಡ್ಡ ತೋಟಗಳು ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂಬ ಕಟ್ಟಳೆಯಿದೆ. ಆದರೆ ಮೇಸ್ತ್ರಿಯ ಲೆಕ್ಕದಲ್ಲಿ ಬಂದವರನ್ನು, ಅದರಲ್ಲೂ ಸಣ್ಣ ತೋಟಗಳಲ್ಲಿ, ತಮ್ಮ ಕಾರ್ಮಿಕರೆಂದು ಎಣಿಸುವವರು ಕಡಿಮೆ. ನಾನು ವಾದಕ್ಕಿಳಿಯದೆ ರೈಟರನ್ನು ಕೇಳುವುದು ಇಷ್ಟೇ: ಹಣ್ಣು ತೂಗುವ ಹೊತ್ತಿಗೆ ನಾನು ಕಣದ ಬಳಿ ಅರ್ಧ ಗಂಟೆ ಕೂರಲೇ? ಸಂಜೆ ನಾಲ್ಕರ ಸುಮಾರಿಗೆ ಎಲ್ಲರೂ ತಮ್ಮ ಮೂಟೆಯ ಪಕ್ಕ ಸರದಿಗಾಗಿ ಕಾಯುತ್ತಿರುತ್ತಾರೆ. ಮಗುವಿನ ಲಸಿಕೆ ಯಾವ ಜಿಲ್ಲೆಯ ಲೆಕ್ಕ ಎಂದು ನಾವು ನೋಡುವುದಿಲ್ಲ, ಆರು ವಾರದ ಮಗು ಕಣದಲ್ಲಿ ಸಿಕ್ಕಿದರೆ ಮುಂದಿನ ಲಸಿಕಾ ದಿನಕ್ಕೆ ತಾಯಿಯನ್ನು ಕರೆಸಿಯೇ ತೀರುತ್ತೇವೆ.

ಉತ್ತರ 3: ಕಮ್ಯುನಿಟಿ ನರ್ಸಿಂಗ್ ಬೋಧಕ

ಹಿರಿಯ ಸಿಸ್ಟರ್ ಬರೆದದ್ದನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕೆಂದಿದ್ದೇನೆ. ಒಂದು ಮಾತನ್ನು ಮಾತ್ರ ಒಪ್ಪಲಾರೆ: ಸೀಸನ್ ಮುಗಿಯುವಷ್ಟು ಮಾತ್ರೆ ಒಟ್ಟಿಗೆ ಕೊಡುವುದು.

ಮೊದಲ ಕಾರಣ, ಈ ತಾಯಿಯ ರಕ್ತಹೀನತೆ ಯಾವುದರಿಂದ ಎಂದು ನಮಗೆ ಗೊತ್ತಿಲ್ಲ. ಜೇನುಕುರುಬರು, ಸೋಲಿಗರು, ಯರವರು ಮುಂತಾದ ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆ, ಎಂದರೆ ಸಿಕಲ್ ಸೆಲ್ ಎಂಬ ಆನುವಂಶಿಕ ಕಾಯಿಲೆ, ಇರುವುದು ತಿಳಿದ ವಿಷಯ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಶುರುಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದೊಳಗಿನವರನ್ನೆಲ್ಲ ಪರೀಕ್ಷಿಸಬೇಕೆಂದಿದೆ. ನಿಮ್ಮ ಐದು ಹಾಡಿಗಳಲ್ಲಿ ಅದು ಆಗಿದೆಯೇ, ಈಕೆಯ ಫಲಿತಾಂಶದ ಕಾರ್ಡ್ ಯಾವುದು ಎಂಬುದನ್ನು ಇಂದೇ ನೋಡಿ. ತಂದೆ ಅಥವಾ ತಾಯಿ ಒಬ್ಬರಿಂದಷ್ಟೇ ಆ ಗುಣ ಬಂದಿರುವ ವಾಹಕರಾದರೆ ಕಬ್ಬಿಣಾಂಶದ ಕೊರತೆಗೆ ಎಲ್ಲರಂತೆಯೇ ಚಿಕಿತ್ಸೆ. ಆದರೆ ಕಾಯಿಲೆಯೇ ಇದ್ದರೆ ಮಾತ್ರೆಯನ್ನು ಎರಡು ಮಾಡಿದರೂ ಹಿಮೋಗ್ಲೋಬಿನ್ ಏರದೆ ಇರಬಹುದು, ಕಬ್ಬಿಣಾಂಶ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು, ಹೆರಿಗೆಯೂ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು. ಇಂಥವರಿಗೆ ಕೊಡಗಿನ ಡಿಸೆಂಬರ್ ಬೆಳಗಿನ ಚಳಿ, ಮಂಜಿನಲ್ಲಿ ನೆನೆದ ಬಟ್ಟೆ, ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೊಯ್ಯುವುದು, ಇವೆಲ್ಲ ಮೈಕೈ ನೋವಿನ ಉಲ್ಬಣವನ್ನು ತಾವೇ ಕರೆದು ತಂದಂತೆ. ಮೇಸ್ತ್ರಿ ಅದನ್ನು ಮೈಗಳ್ಳತನ ಎನ್ನುತ್ತಾನೆ.

ಎರಡನೆಯ ಕಾರಣ, ಕೆಂಪು ಮಾತ್ರೆಯ ದೊಡ್ಡ ಕಟ್ಟು ಒಂದೇ ಕೋಣೆಯ ಮನೆಯಲ್ಲಿ ಚಿಕ್ಕ ಮಕ್ಕಳ ಕೈಗೆ ಸಿಗುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಮಗು ಒಂದು ಹಿಡಿ ನುಂಗಿದರೆ ಅದು ಪ್ರಾಣಕ್ಕೇ ಎರವಾಗುತ್ತದೆ. ಆದ್ದರಿಂದ ಒಂದು ತಿಂಗಳಿಗೆ ಸಾಕಾಗುವಷ್ಟು ಕೊಟ್ಟು, ಮುಂದಿನದನ್ನು ಕೊಡಗಿನ ಸಹೋದ್ಯೋಗಿಯ ಕೈಯಿಂದಲೇ ತಲುಪಿಸಿ. ಆಗ ಮರುಪರೀಕ್ಷೆಯೂ ತಾನಾಗಿ ಆಗುತ್ತದೆ. ತಿಂಗಳಲ್ಲಿ ಒಂದು ಗ್ರಾಂ ಆದರೂ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕೆಂಬುದು ನಿಮಗೆ ಗೊತ್ತೇ ಇದೆ. ಮಾತ್ರೆಯನ್ನು ಬರೀ ಟೀಯೊಂದಿಗೆ ನುಂಗುವ ಅಭ್ಯಾಸವಿದೆಯೇ ಎಂದೂ ಕೇಳಿ, ಜೊತೆಗೆ ಟೀ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಹೊತ್ತಿಗೆ ಕೊಡಬೇಡಿ.

ಇನ್ನು ಅಜ್ಜನ ವಿಷಯ. ಹುಣ್ಣು ಶುರುವಾಗಿದೆ ಎಂದಿದ್ದೀರಿ, ಚರ್ಮ ಒಡೆದಿದೆಯೇ ಎಂದು ಬರೆದಿಲ್ಲ. ಒಡೆಯದಿದ್ದರೆ ಇನ್ನೂ ಸಮಯವಿದೆ. ಪುಸ್ತಕದಲ್ಲಿ ಚರ್ಮ ಕೆಂಪಾಗುವುದನ್ನು ನೋಡಿ ಎಂದಿರುತ್ತದೆ, ಕಪ್ಪು ಮೈಬಣ್ಣದಲ್ಲಿ ಅದು ಕಾಣುವುದಿಲ್ಲ. ಬೆರಳ ಹಿಂಭಾಗದಿಂದ ಮುಟ್ಟಿ ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ಹೋಲಿಸಿ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸುವ ಹಳೆಯ ಪದ್ಧತಿ ಬೇಡ, ಟ್ಯೂಬಿನ ಅಂಚು ಒತ್ತಿ ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ. ಆ ಜಾಗವನ್ನು ಸ್ಪಿರಿಟ್ ಹಾಕಿ ತಿಕ್ಕುವುದೂ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಮುಖ್ಯ ಚಿಕಿತ್ಸೆ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿದ ನೀರು ತೊಳೆಯಲು ಸಾಕು. ಒಡೆದ ಹುಣ್ಣು ವಾಸನೆ ಬರುವಂತಾದರೆ ಮೆಟ್ರೋನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಉದುರಿಸುವ ಕ್ರಮವನ್ನು ಕೇರಳದ ಮನೆ ಆರೈಕೆಯ ದಾದಿಯರು ಬಹಳ ಕಾಲದಿಂದ ಅನುಸರಿಸುತ್ತಿದ್ದಾರೆ, ನಿಮ್ಮ ವೈದ್ಯಾಧಿಕಾರಿಯನ್ನು ಕೇಳಿ ಮಾಡಬಹುದು. ಕೇರಳ 2008ರಲ್ಲಿ ಉಪಶಮನ ಆರೈಕೆ ನೀತಿಯನ್ನು ತಂದಾಗ ಮಾಡಿದ ಜಾಣತನವೆಂದರೆ, ಹಾಸಿಗೆ ಹಿಡಿದವರ ಮನೆಗೆ ದಾದಿಯನ್ನು ಕಳುಹಿಸುವ ಹೊಣೆಯನ್ನು ಪಂಚಾಯಿತಿಗಳಿಗೆ ಹತ್ತಿರ ತಂದದ್ದು. ಜ್ವರ, ಕಪ್ಪಾದ ಅಂಚು, ಮೂಳೆ ಕಾಣುವ ಆಳ, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ.

ಉತ್ತರ 4: ಹಾಡಿಯಿಂದ ಬಂದವಳು

ನಾನು ಜೇನುಕುರುಬರ ಹಾಡಿಯವಳು, ಈಗ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಮೂರನೇ ವರ್ಷದಲ್ಲಿದ್ದೇನೆ. ಮೇಲೆ ಬರೆದವರೆಲ್ಲ ನನಗಿಂತ ಬಹಳ ತಿಳಿದವರು. ಆದರೂ ‘ಯಾವ ತೋಟ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ’ ಎಂಬ ಸಾಲನ್ನು ಓದಿದಾಗ ಬರೆಯಬೇಕೆನ್ನಿಸಿತು.

ಅವರಿಗೆ ಗೊತ್ತಿತ್ತು, ಮೇಡಂ. ಫೈಲು ಹಿಡಿದು ಬಂದು ಹೆಸರು ಕೇಳುವವರಿಗೆ ನಮ್ಮವರು ಬೇಗ ಹೇಳುವುದಿಲ್ಲ. ನಾಗರಹೊಳೆ ಕಾಡಿನೊಳಗಿಂದ ಎಬ್ಬಿಸಿ ಕಳುಹಿಸಿದ್ದನ್ನು ಕಂಡ ಅಜ್ಜ ಅಜ್ಜಿಯರು ಇನ್ನೂ ಹಾಡಿಗಳಲ್ಲಿದ್ದಾರೆ. ಆಗಲೂ ಮೊದಲು ಬಂದದ್ದು ಹೆಸರು ಬರೆದುಕೊಳ್ಳುವವರೇ. ಮುಂಗಡ ತೆಗೆದುಕೊಂಡವರ ಬಗ್ಗೆ ಹೇಳಿದರೆ ಮೇಸ್ತ್ರಿಗೆ ತೊಂದರೆಯಾಗಿ, ಮುಂದಿನ ವರ್ಷ ಮುಂಗಡವೇ ಸಿಗದು ಎಂಬ ಭಯವೂ ಇರುತ್ತದೆ. ಮಳೆಗಾಲದಲ್ಲಿ ಆ ಹಣದಿಂದಲೇ ಅಕ್ಕಿ ತಂದಿರುತ್ತಾರೆ, ಆದ್ದರಿಂದ ಗರ್ಭಿಣಿಯಾದರೂ ಗಂಡನ ಜೊತೆ ಹೋಗಿ ಇಬ್ಬರ ಕೂಲಿಯಿಂದ ತೀರಿಸಬೇಕು. ಆಕೆಗೆ ತನ್ನ ರಕ್ತ ಕಡಿಮೆಯಿರುವುದು ಗೊತ್ತಿಲ್ಲವೆಂದಲ್ಲ.

ಹಾಡಿಯ ಯಜಮಾನರ ಬಳಿ ಮೊದಲು ಹೋಗಿ, ಏನನ್ನೂ ಬರೆಯದೆ ಸ್ವಲ್ಪ ಹೊತ್ತು ಕುಳಿತಿರಿ. ನಿಮ್ಮ ಹಾಡಿಯ ಆಶಾ ಕಾರ್ಯಕರ್ತೆ ಹಾಡಿಯವರೇ ಆಗಿದ್ದರೆ ಅವರನ್ನೇ ಮುಂದೆ ಬಿಡಿ. ಊರಿನವರಾಗಿದ್ದರೆ, ಅವರು ಹಾಡಿಯಲ್ಲಿ ನೀರು ಕುಡಿಯುತ್ತಾರೆಯೇ ಎಂದು ಗಮನಿಸಿ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ನಮ್ಮವರು ಮೊದಲು ನೋಡುವುದೇ ಅದನ್ನು. ನಮ್ಮ ಕಾಲೇಜಿನಲ್ಲಿ ಬ್ಯಾಗ್ ಟೆಕ್ನಿಕ್, ಎಂದರೆ ಮನೆ ಭೇಟಿಯಲ್ಲಿ ಬ್ಯಾಗ್ ಬಳಸುವ ಕ್ರಮ, ಕಲಿಸುವಾಗ ಬ್ಯಾಗಿನ ಕೆಳಗೆ ಪೇಪರ್ ಹಾಸಿ, ಕೈ ತೊಳೆದುಕೊಂಡು ಶುರುಮಾಡಬೇಕೆನ್ನುತ್ತಾರೆ. ಅದು ಸರಿಯೇ. ಆದರೆ ಯಾಕೆ ಹಾಸುತ್ತೀರಿ ಎಂದು ಒಂದು ಮಾತು ಹೇಳಿ ಹಾಸಿರಿ. ನಮ್ಮಮ್ಮ ಬೆಳಿಗ್ಗೆಯಷ್ಟೇ ಸಗಣಿ ಸಾರಿಸಿದ ನೆಲದ ಮೇಲೆ ಒಬ್ಬ ಸಿಸ್ಟರ್ ಮಾತಿಲ್ಲದೆ ಪೇಪರ್ ಹಾಸಿದ್ದನ್ನು ಅಮ್ಮ ಇವತ್ತಿಗೂ ನೆನೆಯುತ್ತಾಳೆ.

ಅಜ್ಜನ ಮೊಮ್ಮಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹನ್ನೊಂದು ವರ್ಷದವಳು ದೊಡ್ಡ ಗಂಡಸನ್ನು ಎರಡು ಗಂಟೆಗೊಮ್ಮೆ ಒಬ್ಬಳೇ ಹೇಗೆ ಹೊರಳಿಸುತ್ತಾಳೆ? ಅವಳು ಶಾಲೆಗೂ ಹೋಗುತ್ತಿರಲಿಕ್ಕಿಲ್ಲ. ಪ್ರತಿ ಹಾಡಿಯಲ್ಲೂ ಕೂಲಿಗೆ ಹೋಗದ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಹಸುಗೂಸಿನ ಬಾಣಂತಿ, ಕಾಲುನೋವಿನ ಅತ್ತೆ, ಅಂಗನವಾಡಿಯ ಸಹಾಯಕಿ. ಯಜಮಾನರು ಹೇಳಿದರೆ ಅವರು ದಿನಕ್ಕೆ ನಾಲ್ಕು ಸಲ ಬಂದು ಕೈ ಹಾಕುತ್ತಾರೆ. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅಜ್ಜನ ಬೆನ್ನಡಿ ಹಾಸಿ, ಎರಡು ಬದಿ ಹಿಡಿದು ಎಳೆದರೆ ಇಬ್ಬರು ಹೆಂಗಸರಿಗೆ ಅದು ಕಷ್ಟವಲ್ಲ.

ಮತ್ತೆ, ಕಬಿನಿ ಕಡೆಯ ಸಿಎಚ್‌ಒ

ಎಲ್ಲರಿಗೂ ಕೃತಜ್ಞತೆಗಳು. ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ.

ಜೀಪು ನಿಲ್ಲುವ ಜಾಗಕ್ಕೆ ಎರಡು ಸಲ ಹೋದೆ. ಮೊದಲ ದಿನ ಮೇಸ್ತ್ರಿ ಮುಖ ತಿರುಗಿಸಿದ. ಎರಡನೇ ದಿನ ತನಗೇ ಬಿ.ಪಿ. ನೋಡಿಸಿಕೊಂಡ, 160ರ ಮೇಲಿತ್ತು. ಮತ್ತೆ ಎರಡು ದಿನ ನೋಡಬೇಕೆಂದು ಹೇಳಿದ್ದೇನೆ, ಅವನೂ ಈಗ ನನ್ನ ನೋಟ್‌ಬುಕ್ಕಿನಲ್ಲಿದ್ದಾನೆ. ಗರ್ಭಿಣಿ ಇರುವ ತೋಟ ತಿತಿಮತಿ ಕಡೆಯದೆಂದು ತಿಳಿಯಿತು. ಕೊಡಗಿನ ಸಿಸ್ಟರ್‌ಗೆ ಆರ್‌ಸಿಎಚ್ ಸಂಖ್ಯೆಯನ್ನು ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಆ ಭಾಗ ತಮ್ಮ ವ್ಯಾಪ್ತಿಗೆ ಬರುವುದಿಲ್ಲವಾದರೂ ಅಲ್ಲಿಯವರಿಗೆ ಹೇಳುವುದಾಗಿ ಬರೆದಿದ್ದಾರೆ. ಸಿಕಲ್ ಸೆಲ್ ಪರೀಕ್ಷೆಯ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ, ಪರೀಕ್ಷೆ ನಡೆದದ್ದು ಕಳೆದ ವರ್ಷದ ಜನವರಿಯಲ್ಲಿ. ಜನವರಿಯಲ್ಲಿ ಹಾಡಿಗೆ ಹೋಗಿ ಯಾರನ್ನು ಪರೀಕ್ಷಿಸಿದರೋ ಎಂದು ಈಗ ಯೋಚಿಸುತ್ತಿದ್ದೇನೆ.

ಅಜ್ಜನ ಚರ್ಮ ಒಂದು ಕಡೆ, ಎಂಟಾಣೆ ನಾಣ್ಯದಷ್ಟು, ಒಡೆದಿದೆ, ಆಳವಿಲ್ಲ, ಜ್ವರವಿಲ್ಲ. ಯಜಮಾನರ ಮನೆಯ ಜಗಲಿಯಲ್ಲಿ ಕುಳಿತು ಬರೀ ಟೀ ಕುಡಿದೆ. ಅವರ ಸೊಸೆ ಮತ್ತು ಪಕ್ಕದ ಮನೆಯ ಬಾಣಂತಿ ಸೀರೆ ಮಡಿಕೆಯಲ್ಲಿ ಹೊರಳಿಸುವುದನ್ನು ನನ್ನೆದುರೇ ಮಾಡಿ ತೋರಿಸಿದರು, ನನಗಿಂತ ಚೆನ್ನಾಗಿಯೇ ಮಾಡಿದರು. ಮೊಮ್ಮಗಳು ಸೋಮವಾರದಿಂದ ಆಶ್ರಮ ಶಾಲೆಗೆ ಹೋಗುತ್ತಾಳೆ ಎಂದರು. ಸೋಮವಾರ ಆರೂವರೆಗೆ ಹೇಗೂ ಆ ಕಡೆ ಹೋಗುವವಳಿದ್ದೇನೆ, ನೋಡುತ್ತೇನೆ.